ಡಾಕ್ಟರ ಮೊಬೈಲು: ಊರಿಗೆ ಹೇಳುವುದೆಷ್ಟು, ರೋಗಿಗೆ ಹೇಳುವುದೆಷ್ಟು

2025ರ ಜುಲೈ ಮೊದಲ ವಾರ ನಮ್ಮ ಕ್ಲಿನಿಕ್‌ನಲ್ಲಿ ಇಸಿಜಿ ಪೇಪರ್ ಖಾಲಿಯಾಯಿತು. ಸಾಮಾನ್ಯವಾಗಿ ಒಂದು ರೋಲು ವಾರಗಟ್ಟಲೆ ಬರುತ್ತದೆ. ಆ ಸಲ ಎರಡೇ ದಿನ. ಬಂದವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಎದೆನೋವು ಯಾರಿಗೂ ಇರಲಿಲ್ಲ, ಕೈಯಲ್ಲಿ ಮೊಬೈಲ್ ಮಾತ್ರ ಇತ್ತು. "ಸರ್, ಹಾಸನದಲ್ಲಿ ಹಿಂಗಾಗ್ತಿದೆಯಂತೆ, ನಂದೂ ಒಂದ್ಸಲ ನೋಡ್ಬಿಡಿ."

ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರೂ ಸೇರಿ ಹಲವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬರುತ್ತಿದ್ದ ದಿನಗಳು ಅವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದುದ್ದ ಸಾಲು. ಸರ್ಕಾರ ತಜ್ಞರ ಸಮಿತಿ ಮಾಡಿತು. ವರದಿ ಬಂದ ಮೇಲೆ, ಸಾವಿನ ಸಂಖ್ಯೆಯಲ್ಲಿ ಅಸಾಮಾನ್ಯ ಏರಿಕೆ ಏನೂ ಇಲ್ಲ ಎಂದು ಹೇಳಿತು. ಆದರೆ ಅಷ್ಟರೊಳಗೆ ಜನರ ಮೊಬೈಲಿನಲ್ಲಿ ಬೇಕಾದಷ್ಟು ಕತೆ ಓಡಾಡಿ ಆಗಿತ್ತು.

ನಾನು ಮಾಡಿದ್ದು ಸಣ್ಣ ಕೆಲಸ. ಒಂದೂವರೆ ನಿಮಿಷದ ಒಂದು ವಾಯ್ಸ್ ಮೆಸೇಜ್. ಬೀಡಿ ಸಿಗರೇಟು ಇರುವವರು, ಬಿಪಿ ಶುಗರ್ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಆದವರಿದ್ದರೆ ಅಂಥವರು ಮೊದಲು ಬನ್ನಿ. ಇವತ್ತಿನ ಇಸಿಜಿ ಸರಿ ಇದೆ ಅಂದರೆ ಮುಂದೆ ಏನೂ ಆಗುವುದಿಲ್ಲ ಎಂಬ ಗ್ಯಾರಂಟಿ ಅಲ್ಲ. ಎದೆ ಹಿಡಿದುಕೊಂಡ ಹಾಗಾಗಿ ಬೆವರು ಕಿತ್ತರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ, ಹೊರಡಿ. ಇಷ್ಟೇ. ವಾಕಿಂಗ್ ಹೋಗುವವರ ಗ್ರೂಪು, ಹಾಲಿನ ಡೇರಿ ಗ್ರೂಪು, ಶಾಲೆಯ ಪೋಷಕರ ಗ್ರೂಪು, ಮೂರಕ್ಕೆ ಹಾಕಿದೆ. ಮೂರನೇ ದಿನ ಅದು ಬೇರೆ ಜಿಲ್ಲೆಯಲ್ಲಿರುವ ನನ್ನ ಭಾವನ ಫೋನಿನಿಂದ "ಹಲವು ಬಾರಿ ಫಾರ್ವರ್ಡ್ ಆಗಿದೆ" ಅನ್ನುವ ಗುರುತು ಹೊತ್ತುಕೊಂಡು ನನಗೇ ವಾಪಸ್ ಬಂತು. ಜೊತೆಗೆ ಭಾವನ ಪ್ರಶ್ನೆ: "ಇದ್ಯಾರೋ ಡಾಕ್ಟ್ರು ಹೇಳಿದಾರೆ, ನಿಜಾನಾ?"

ಆಡಿಯೋದಲ್ಲಿ ನನ್ನ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ, ತಾರೀಕೂ ಇರಲಿಲ್ಲ. ಮುಂದಿನ ವರ್ಷ ಅದೇ ಆಡಿಯೋ ಮತ್ತೆ ಹೊರಟರೆ ಇವತ್ತಿನದೇ ಅಂದುಕೊಳ್ಳುತ್ತಾರೆ. ಅಂದಿನಿಂದ ನನ್ನ ಎಲ್ಲ ಆಡಿಯೋ, ವಿಡಿಯೋ ಶುರುವಾಗುವುದು ಹೆಸರು, ಊರು, ತಾರೀಕಿನಿಂದ. ಕಿವಿಗೆ ಅಷ್ಟು ಚೆನ್ನಾಗಿರುವುದಿಲ್ಲ, ರೇಡಿಯೋ ವಾರ್ತೆ ಥರ ಕೇಳಿಸುತ್ತದೆ. ಇರಲಿ.

ವೈದ್ಯರು ಸೋಶಿಯಲ್ ಮೀಡಿಯಾದಲ್ಲಿ ಇರಬೇಕೋ ಬೇಡವೋ ಎಂಬ ಚರ್ಚೆ ನನಗೆ ಈಗ ಹಳೆಯದು ಅನಿಸುತ್ತದೆ. ರೋಗಿ ಅಲ್ಲಿದ್ದಾನೆ, ಅವನಿಗೆ ಹೇಳುವವರೂ ಅಲ್ಲಿದ್ದಾರೆ. ನಾವು ಹೋಗದಿದ್ದರೆ ಜಾಗ ಖಾಲಿ ಇರುವುದಿಲ್ಲ, ಬೇರೆಯವರು ಕೂತಿರುತ್ತಾರೆ. ಡಾ. ಅನುಪಮಾ ನಿರಂಜನ, ಡಾ. ಸಿ.ಆರ್. ಚಂದ್ರಶೇಖರ್ ಅಂಥವರು ಕನ್ನಡದಲ್ಲಿ ಬರೆದೂ ಬರೆದೂ ಎಷ್ಟೋ ಮನೆಗಳಿಗೆ ವೈದ್ಯಕೀಯದ ತಿಳಿವಳಿಕೆ ಮುಟ್ಟಿಸಿದ್ದರು. ಅವರ ಕೈಯಲ್ಲಿ ಪೆನ್ನಿತ್ತು, ನಮ್ಮ ಕೈಯಲ್ಲಿ ಫೋನಿದೆ. ಕಷ್ಟ ಇರುವುದು ಹೇಗೆ ಎಂಬಲ್ಲಿ. ನಿಯಮ ಏನು, ಯಾವುದನ್ನು ಹಾಕಬಹುದು, ಕಾಮೆಂಟಿಗೆ ಉತ್ತರ ಕೊಡಬೇಕಾ, ರಾತ್ರಿ ಹನ್ನೊಂದಕ್ಕೆ ಬರುವ ಗಾಯದ ಫೋಟೋಗೆ ಏನು ಮಾಡಬೇಕು ಎಂದು ಕಿರಿಯ ಡಾಕ್ಟರುಗಳು ಕೇಳುತ್ತಲೇ ಇರುತ್ತಾರೆ.

ನಾನು ಇದಕ್ಕೆಲ್ಲ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಊರಿಗೆ ಹೇಳುವ ಮಾತು ಬೇರೆ, ಒಬ್ಬ ರೋಗಿಗೆ ಹೇಳುವ ಮಾತು ಬೇರೆ. ಸೋಶಿಯಲ್ ಮೀಡಿಯಾ ಇರುವುದು ಮೊದಲನೆಯದಕ್ಕೆ. ಎರಡನೆಯದು ಬಾಗಿಲು ಹಾಕಿಕೊಂಡು ಆಡುವ ಮಾತು, ಅದು ಕ್ಲಿನಿಕ್‌ನಲ್ಲೇ ಆಗಲಿ, ಫೋನಿನಲ್ಲೇ ಆಗಲಿ. ಎರಡನ್ನೂ ಕಲಸಿದಾಗಲೇ ಎಡವಟ್ಟು ಆಗುವುದು. ಕಾನೂನು ಕೂಡ ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ನಿಂತಿದೆ.

ನಿಯಮ ಏನು ಹೇಳುತ್ತದೆ

ಇಲ್ಲಿ ಸ್ವಲ್ಪ ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ.

ನಮ್ಮ ವೃತ್ತಿ ನಡವಳಿಕೆಯ ನಿಯಮಗಳು 2002ರವು. ದೇಶದ ಡಾಕ್ಟರುಗಳ ಮೇಲೆ ಹತೋಟಿ ಇದ್ದ ಆಗಿನ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿದ್ದು. ಆಗ ಇನ್ಸ್ಟಾಗ್ರಾಮ್ ಹುಟ್ಟಿರಲಿಲ್ಲ, ವಾಟ್ಸಾಪ್ ಇರಲಿಲ್ಲ. ಆದರೂ ಆ ನಿಯಮದಲ್ಲಿ ಬೇಕಾದ ಮಾತೆಲ್ಲ ಇದೆ. ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡಿಕೊಳ್ಳುವಂತಿಲ್ಲ. ಆದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ತನ್ನ ಹೆಸರಿನಲ್ಲೇ ಪತ್ರಿಕೆಗೆ ಬರೆಯಬಹುದು, ಭಾಷಣ ಮಾಡಬಹುದು, ರೇಡಿಯೋ, ಟಿವಿಯಲ್ಲಿ, ಇಂಟರ್ನೆಟ್ ಚಾಟ್‌ನಲ್ಲಿ ಕೂಡ ಮಾತಾಡಬಹುದು. ಹೌದು, 2002ರಲ್ಲೇ "ಇಂಟರ್ನೆಟ್ ಚಾಟ್" ಅಂತ ಬರೆದಿದ್ದಾರೆ! ಹೊಸ ಕ್ಲಿನಿಕ್ ಶುರು ಮಾಡಿದಾಗ, ವಿಳಾಸ ಬದಲಾದಾಗ, ರಜೆ ಹೋಗುವಾಗ, ಮತ್ತೆ ಬಂದಾಗ ತಿಳಿಸಬಹುದು. ಹಾಗಾಗಿ "ಸೋಮವಾರ ಡಾಕ್ಟರು ಇರುವುದಿಲ್ಲ" ಎಂಬ ಪೋಸ್ಟಿಗೆ ಯಾರ ಅಡ್ಡಿಯೂ ಇಲ್ಲ. "ತಾಲ್ಲೂಕಿನ ನಂಬರ್ ಒನ್ ಶುಗರ್ ಡಾಕ್ಟರ್" ಎಂಬ ಪೋಸ್ಟು ಗೆರೆ ದಾಟಿತು.

ಆಮೇಲೆ ಆ ಕೌನ್ಸಿಲ್‌ನ ಜಾಗಕ್ಕೆ ನ್ಯಾಷನಲ್ ಮೆಡಿಕಲ್ ಕಮಿಷನ್ ಬಂತು. ಅದು 2023ರ ಆಗಸ್ಟ್ 2ರಂದು ಹೊಸ ನಿಯಮ ಪ್ರಕಟಿಸಿತು. ಅದರಲ್ಲಿ ಸೋಶಿಯಲ್ ಮೀಡಿಯಾಕ್ಕೆ ಅಂತಲೇ ಒಂದು ಭಾಗ ಇತ್ತು. ಲೈಕು, ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು. ವಾಸಿಯಾದ ರೋಗಿಯ ಫೋಟೋ, ಆಪರೇಷನ್ ವಿಡಿಯೋ ಹಾಕಬಾರದು. ರೋಗಿಗಳ ಕೈಲಿ ಹೊಗಳಿಸಿ ಹಾಕಬಾರದು. ಒಬ್ಬ ರೋಗಿಯ ಚಿಕಿತ್ಸೆಯನ್ನು ಎಲ್ಲರೆದುರು ಚರ್ಚಿಸಬಾರದು. ಯಾರಾದರೂ ಅಲ್ಲಿ ಕೇಳಿದರೆ ಟೆಲಿಮೆಡಿಸಿನ್‌ಗೋ (ಅಂದರೆ ಫೋನು, ವಿಡಿಯೋದಲ್ಲಿ ರೋಗಿಯನ್ನು ನೋಡುವುದು) ಕ್ಲಿನಿಕ್‌ಗೋ ಕಳಿಸಬೇಕು. ಅದೇ ನಿಯಮಗಳಲ್ಲಿ ಕಂಪನಿ ಇಟ್ಟ ಹೆಸರು ಬಿಟ್ಟು ಔಷಧಿಯ ಮೂಲ ಹೆಸರನ್ನೇ (ಜೆನೆರಿಕ್) ಬರೆಯಬೇಕು ಎಂಬ ಮಾತೂ ಇತ್ತು, ಅದಕ್ಕೆ ಡಾಕ್ಟರುಗಳಿಂದ ಜೋರು ವಿರೋಧ ಬಂತು. ಆಗಸ್ಟ್ 23ಕ್ಕೆ ಇಡೀ ನಿಯಮವನ್ನೇ ತಡೆಹಿಡಿದು, ಸದ್ಯಕ್ಕೆ ಹಳೆಯದೇ ನಡೆಯಲಿ ಅಂದರು. ಬರೀ ಮೂರು ವಾರ ಬದುಕಿದ ನಿಯಮ.

ಹಾಗಾದರೆ ಸೋಶಿಯಲ್ ಮೀಡಿಯಾ ಭಾಗವನ್ನು ಮರೆತುಬಿಡಬಹುದಾ? ಮರೆಯಬೇಡಿ ಅನ್ನುವುದೇ ನನ್ನ ಸಲಹೆ. ತಡೆ ಬಿದ್ದದ್ದು ಬೇರೆ ಕಾರಣದ ಗದ್ದಲಕ್ಕೆ. ಆ ಪಟ್ಟಿಯಲ್ಲಿ ಇರುವುದೆಲ್ಲ ನೆಟ್ಟಗಿದೆ. ಈಗಲೇ ಅದರಂತೆ ನಡೆದುಕೊಂಡರೆ ನಾಳೆ ಯಾವ ರೂಪದಲ್ಲಿ ಬಂದರೂ ಹಳೆಯ ಪೋಸ್ಟುಗಳನ್ನು ಅಳಿಸುತ್ತ ಕೂರಬೇಕಾಗಿಲ್ಲ.

ಇವುಗಳ ಜೊತೆ 1954ರ ಒಂದು ಕಾಯ್ದೆಯೂ ಇದೆ. ಪವಾಡದ ಔಷಧಿಗಳ ಜಾಹೀರಾತನ್ನು ತಡೆಯಲು ಮಾಡಿದ್ದು. ಶುಗರ್, ಕ್ಯಾನ್ಸರ್ ಥರದ ಕಾಯಿಲೆಗಳ ಪಟ್ಟಿಯನ್ನೇ ಕೊಟ್ಟು, ಇವನ್ನು ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಹಾಕುವಂತಿಲ್ಲ ಎನ್ನುತ್ತದೆ. ಎಪ್ಪತ್ತು ವರ್ಷ ಕಳೆದಿದೆ. ರೀಲ್ಸ್ ನೋಡಿದರೆ ಆ ಕಾಯ್ದೆ ಇದೆ ಅಂತ ಯಾರಿಗೂ ಗೊತ್ತೇ ಇಲ್ಲವೇನೋ ಅನಿಸುತ್ತದೆ.

ಹೆಸರು ಬರೆಯದಿದ್ದರೆ ಸಾಕಾ?

ಇಲ್ಲಿ ನನ್ನದೇ ತಪ್ಪು ಒಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬರ ಕಾಲಿನ ಹುಣ್ಣಿನ ಫೋಟೋ ತೆಗೆದು ಡಾಕ್ಟರುಗಳೇ ಇರುವ ಒಂದು ಗ್ರೂಪಿಗೆ ಹಾಕಿದೆ, ಸಲಹೆ ಕೇಳಲು. ಮುಖ ಇಲ್ಲ, ಹೆಸರಿಲ್ಲ. ಆದರೆ ಫೋಟೋದ ಮೂಲೆಯಲ್ಲಿ ಹಾಸಿಗೆಯ ಮೇಲಿದ್ದ ಲ್ಯಾಬ್ ರಿಪೋರ್ಟು ಅರ್ಧ ಕಾಣುತ್ತಿತ್ತು. ಅರ್ಧ ಸಾಕಾಯಿತು. ಗ್ರೂಪಿನಲ್ಲಿದ್ದ ಯಾರೋ ಇನ್ನೊಂದು ಗ್ರೂಪಿಗೆ ಕಳಿಸಿ, ಅಲ್ಲಿಂದ ಎಲ್ಲೆಲ್ಲೋ ಹೋಗಿ, ಕೊನೆಗೆ ಅವರ ಮಗ ನನ್ನ ಮುಂದೆ ಬಂದು ಫೋನ್ ತೋರಿಸಿದ. ಬೈಯಲಿಲ್ಲ. "ಅಪ್ಪನ ಕಾಲು ಅಲ್ವಾ ಸರ್ ಇದು?" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಸಣ್ಣ ಊರಿನಲ್ಲಿ ಹೆಸರು ಬೇಕಾಗಿಲ್ಲ. "ನಿನ್ನೆ ರಾತ್ರಿ ಬೈಪಾಸ್‌ನಲ್ಲಿ ಬೈಕ್ ಬಿದ್ದು ಬಂದ ಇಪ್ಪತ್ತರ ಹುಡುಗ, ಹೆಲ್ಮೆಟ್ ಇರಲಿಲ್ಲ" ಅಂದರೆ ಬೆಳಗಿನ ಟೀ ಅಂಗಡಿಗೆ ಅದು ಯಾರ ಮನೆ ಹುಡುಗ ಅಂತ ಗೊತ್ತು. ಉದ್ದೇಶ ಹೆಲ್ಮೆಟ್ ಹಾಕಿ ಅನ್ನುವುದೇ ಇರಬಹುದು. ಆ ಮನೆಯವರಿಗೆ ಅದು ಮಗನ ಮಾನ ತೆಗೆದ ಪೋಸ್ಟು. ಅದನ್ನೇ ಆರು ತಿಂಗಳು ಬಿಟ್ಟು, ಊರು, ರಸ್ತೆ, ವಯಸ್ಸು ಎಲ್ಲ ತೆಗೆದು, "ಹೆಲ್ಮೆಟ್ ಇಲ್ಲದೆ ಬಿದ್ದವರ ತಲೆಯಲ್ಲಿ ನಾವು ಏನು ನೋಡುತ್ತೇವೆ" ಎಂದು ಬರೆದರೆ ಅದು ಊರಿಗೆ ಹೇಳುವ ಮಾತಾಗುತ್ತದೆ.

2002ರ ನಿಯಮದ ಪ್ರಕಾರ ಗುರುತು ಸಿಗುವಂತಿದ್ದರೆ ರೋಗಿಯ ಒಪ್ಪಿಗೆ ಬೇಕು, ಗುರುತು ಸಿಗದಿದ್ದರೆ ಬೇಡ. ನಾನು ಎರಡರಲ್ಲೂ ಕೇಳುತ್ತೇನೆ, ಅದೂ ಡಿಸ್ಚಾರ್ಜ್ ಆದ ಮೇಲೆ. ಹಾಸಿಗೆ ಮೇಲೆ ಮಲಗಿದವರನ್ನು ಅವರ ಡಾಕ್ಟರೇ "ಫೋಟೋ ಹಾಕ್ಲಾ ಅಮ್ಮಾ?" ಅಂದರೆ ಬೇಡ ಅನ್ನುವ ಧೈರ್ಯ ಯಾರಿಗೆ ಬರುತ್ತದೆ? ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭಪಾತ, ಲೈಂಗಿಕ ದೌರ್ಜನ್ಯ, ಇವಕ್ಕೆ ಪ್ರತ್ಯೇಕ ಕಾಯ್ದೆಗಳೇ ಇವೆ. ಗುಟ್ಟು ಹೊರಬಿದ್ದರೆ ಶಿಕ್ಷೆ ಅನುಭವಿಸಬೇಕಾದೀತು. ಅಂಥ ಕೇಸುಗಳ ಮಾತನ್ನು ಪೋಸ್ಟಿನಲ್ಲಿ ಎತ್ತುವುದೇ ಬೇಡ.

ಇನ್ನು ಆಸ್ಪತ್ರೆ ಅಂದರೆ ಶೂಟಿಂಗ್ ಸೆಟ್ ಅಲ್ಲ ಎಂಬುದನ್ನು 2024ರ ಫೆಬ್ರವರಿ ನೆನಪಿಸಿತು. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಗುತ್ತಿಗೆ ವೈದ್ಯರೊಬ್ಬರು ಮದುವೆಗೆ ಮುಂಚಿನ ಫೋಟೋಶೂಟ್ ಮಾಡಿಸಿ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ಗದಗಿನಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ ವೈದ್ಯಕೀಯ ವಿದ್ಯಾರ್ಥಿಗಳ ಮೇಲೂ ಕ್ರಮ ಆಯಿತು. ಡ್ಯೂಟಿ ಕೋಣೆಯಲ್ಲಿ ಕೂತು ನಾಲ್ಕು ಸ್ಟೆಪ್ ಹಾಕುವುದು ಮಹಾಪರಾಧ ಅಂತ ನನಗೇನೂ ಅನಿಸುವುದಿಲ್ಲ. ಆದರೆ ಹಿಂದೆ ಹಾಸಿಗೆ ಮೇಲೆ ಯಾರದೋ ತಾಯಿ ಮಲಗಿರುತ್ತಾಳೆ. ಕ್ಯಾಮೆರಾಕ್ಕೆ ಅವಳೂ ಕಾಣುತ್ತಾಳೆ.

ಒಂದು ವಿಡಿಯೋ ಹೇಗೆ ಹುಟ್ಟುತ್ತದೆ

ಈಗ ಕೆಲಸದ ವಿಷಯಕ್ಕೆ ಬರೋಣ. ಹಾವು ಕಡಿತವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮ ಕಡೆ ಮಳೆ ಶುರುವಾದರೆ ಇದೂ ಶುರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ನನ್ನ ಮೊದಲ ವಿಡಿಯೋ ಹೀಗೆ ಶುರುವಾಗಿತ್ತು: "ಎಲ್ಲರಿಗೂ ನಮಸ್ಕಾರ. ಭಾರತದಲ್ಲಿ ಹಲವು ಜಾತಿಯ ಹಾವುಗಳಿವೆ. ಅವುಗಳಲ್ಲಿ ವಿಷಕಾರಿ ಮತ್ತು ವಿಷರಹಿತ ಎಂದು ಎರಡು ವಿಧ." ಏಳು ನಿಮಿಷ. ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ನಾಲ್ಕರ ಬಣ್ಣ, ಉದ್ದ, ವಿಷ ಕೆಲಸ ಮಾಡುವ ಬಗೆ. ಎಂಬಿಬಿಎಸ್ ನೋಟ್ಸು ಓದಿದ ಹಾಗೆ. ನನ್ನ ಹೆಂಡತಿ ಒಂದೂವರೆ ನಿಮಿಷ ನೋಡಿ, ಕುಕ್ಕರ್ ಕೂಗಿತು ಅಂತ ಎದ್ದು ಹೋದಳು. ಕುಕ್ಕರ್ ಕೂಗಿರಲಿಲ್ಲ.

ತಪ್ಪು ಎಲ್ಲಿ? ನನಗೆ ಗೊತ್ತಿರುವುದನ್ನು ಹೇಳುತ್ತಿದ್ದೆ. ನೋಡುವವನಿಗೆ ಬೇಕಿದ್ದದ್ದು ಬೇರೆ. ಅವನ ಅಣ್ಣನಿಗೆ ಗದ್ದೆಯಲ್ಲಿ ಕಡಿದಿದೆ, ಮುಂದಿನ ಹತ್ತು ನಿಮಿಷ ಏನು ಮಾಡಬೇಕು? ಅಷ್ಟೇ. ನಾಲ್ಕು ಹಾವಿನ ವ್ಯತ್ಯಾಸ ಅವನಿಗೆ ಬೇಕಾಗಿಯೇ ಇಲ್ಲ, ನಮ್ಮಲ್ಲಿ ಸಿಗುವ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಆ ನಾಲ್ಕಕ್ಕೂ ಸೇರಿ ಒಂದೇ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರಬೇಕಾಗಿಯೂ ಇಲ್ಲ. ಈ ಒಂದು ಮಾತು ನನ್ನ ಏಳು ನಿಮಿಷದಲ್ಲಿ ಇರಲೇ ಇಲ್ಲ!

ಎರಡನೆಯದು ಐವತ್ತು ಸೆಕೆಂಡು. ಮಾತು ಹೀಗಿದೆ:

"ಹಾವು ಕಡಿದರೆ ಹಗ್ಗ ಬಿಗಿಯಬೇಡಿ. ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ, ಊತ ಬಂದ ಮೇಲೆ ತೆಗೆಯೋಕಾಗಲ್ಲ. ಕಡಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಒಂದು ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲಾ ಸಿಕ್ಕ ಗಾಡಿಯಲ್ಲಿ ಹೊರಡಿ. ಮಂತ್ರ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಇನ್ನೊಂದು ಮಾತು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣಿನ ರೆಪ್ಪೆ ಜೋತುಬೀಳ್ತಿದ್ರೆ ಅದು ಕಟ್ಟು ಹಾವು ಇರಬಹುದು. ಕಡಿದ ಗುರುತು ಕಾಣದೇ ಇದ್ರೂ ಕರೆದುಕೊಂಡು ಬನ್ನಿ."

ಕೊನೆಯ ಆ ಮಾತು ಎಲ್ಲರಿಗೂ ಗೊತ್ತಿರುವಂಥದ್ದಲ್ಲ. ಕಟ್ಟು ಹಾವು ಕಡಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. "ಗ್ಯಾಸ್ಟ್ರಿಕ್" ಅಂತ ಮನೆಯಲ್ಲೇ ಉಳಿದುಬಿಡುತ್ತಾರೆ. ವಿಡಿಯೋಗೆ ಬೆಲೆ ಬರುವುದು ಇಂಥ ಒಂದು ವಾಕ್ಯದಿಂದ. ನಮ್ಮ ಊರು, ನಮ್ಮ ಕಾಲಮಾನ ಗೊತ್ತಿರುವ ಡಾಕ್ಟರೇ ಹೇಳಬಹುದಾದ ವಾಕ್ಯ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಇರುವವರಿಗೆ ಬೇಸಗೆ ಹತ್ತಿರ ಬಂದಾಗ ಮಂಗನ ಕಾಯಿಲೆ ಬಗ್ಗೆ ಹೇಳಬೇಕು. ಬೆಂಗಳೂರಿನ ಐಟಿ ಹುಡುಗರಿಗೆ ಅದು ಬೇಕಿಲ್ಲ, ಕೂತೂ ಕೂತೂ ಬರುವ ಬೆನ್ನುನೋವು ಬೇಕು. ಲೋಕಕ್ಕೆಲ್ಲ ಹೇಳಹೊರಟರೆ ಯಾರಿಗೂ ಹೇಳಿದ ಹಾಗಾಗುವುದಿಲ್ಲ.

ಪದಗಳ ವಿಷಯ. "ಅಧಿಕ ರಕ್ತದೊತ್ತಡ" ಬೇಡ, ಬಿಪಿ ಅನ್ನಿ. "ಮಧುಮೇಹ" ಅರ್ಥವಾಗುತ್ತದೆ, ಆದರೆ ಜನ ಹುಡುಕುವುದು ಆ ಪದದಿಂದ ಅಲ್ಲ, ಶುಗರ್ ಅಂತ ಹುಡುಕುತ್ತಾರೆ. ಸ್ಟ್ರೋಕ್ ಅಂದರೆ ಹಳ್ಳಿಯಲ್ಲಿ ಕೆಲವರಿಗೆ ಗೊತ್ತು, ಲಕ್ವಾ ಅಂದರೆ ಎಲ್ಲರಿಗೂ ಗೊತ್ತು. ರೋಗಿ ನಿಮ್ಮ ಮುಂದೆ ಕೂತು ಯಾವ ಮಾತಲ್ಲಿ ಹೇಳುತ್ತಾನೋ ಅದೇ ನಿಮ್ಮ ಶೀರ್ಷಿಕೆ. "ಎದೆ ಉರಿ: ಗ್ಯಾಸ್ಟ್ರಿಕ್ಕಾ, ಹಾರ್ಟಾ?" ಅನ್ನುವುದು ನನ್ನ ವಿಡಿಯೋಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು. ಶೀರ್ಷಿಕೆ ನನ್ನದಲ್ಲ. ಒಬ್ಬ ಆಟೋ ಚಾಲಕರು ಕೇಳಿದ್ದನ್ನೇ ಹಾಗೇ ಇಟ್ಟೆ.

ಎಲ್ಲಿ ಹಾಕಬೇಕು? ಇದರ ಮೇಲೆ ಜನ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. ಯೂಟ್ಯೂಬ್‌ನಲ್ಲಿ ಹಾಕಿದ್ದು ವರ್ಷಗಟ್ಟಲೆ ಹುಡುಕಿದವರಿಗೆ ಸಿಗುತ್ತದೆ. ವಾಟ್ಸಾಪ್ ನಿಮ್ಮ ಸುತ್ತಲಿನ ಊರಿಗೆ, ತುರ್ತಿಗೆ. ಇನ್ಸ್ಟಾಗ್ರಾಮ್ ಕಿರಿಯರಿಗೆ, ಫೇಸ್‌ಬುಕ್ ಅವರ ಅಪ್ಪ ಅಮ್ಮಂದಿರಿಗೆ. ಎಕ್ಸ್ ಮತ್ತು ಲಿಂಕ್ಡ್ಇನ್ ಹೆಚ್ಚಾಗಿ ಡಾಕ್ಟರು ಡಾಕ್ಟರಿಗೆ, ಪತ್ರಕರ್ತರಿಗೆ. ಯಾವುದಾದರೂ ಒಂದನ್ನು ಹಿಡಿಯಿರಿ, ಮುಂದಿನದು ಆಮೇಲೆ. ಕ್ಯಾಮೆರಾ, ಲೈಟು ಅಂತ ದುಡ್ಡು ಸುರಿಯಬೇಡಿ. ಎಪ್ಪತ್ತು ಎಂಬತ್ತು ಸಾವಿರದ ಫೋನ್ ಬೇಕಿಲ್ಲ, ಕಿಟಕಿಗೆ ಮುಖ ಮಾಡಿ ಕೂತರೆ ಬೆಳಕು ಸಾಕು. ಕಾಲರ್ ಮೈಕ್ ಒಂದು ಮಾತ್ರ ಕೊಳ್ಳಿ. ಕ್ಲಿನಿಕ್ ಪಕ್ಕದ ರಸ್ತೆಯ ಹಾರನ್ ನಿಮಗೆ ರೂಢಿಯಾಗಿರುತ್ತದೆ, ಕೇಳುವವರಿಗಲ್ಲ.

ಸುಳ್ಳಿಗೆ ಉತ್ತರ ಕೊಡುವಾಗ

"ಶುಗರ್ ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತೆ." ಈ ಮಾತನ್ನು ಕೇಳದ ಡಾಕ್ಟರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಇದಕ್ಕೆ ವಿಡಿಯೋ ಮಾಡುವಾಗ ಎಲ್ಲರೂ ಮಾಡುವ ತಪ್ಪು, ಅದನ್ನೇ ದೊಡ್ಡಕ್ಷರದಲ್ಲಿ ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುವುದು. ಅರ್ಧದಷ್ಟು ಜನ ವಿಡಿಯೋ ತೆರೆಯುವುದೇ ಇಲ್ಲ, ಬರೀ ಚಿತ್ರ ನೋಡಿ ಮುಂದೆ ಹೋಗುತ್ತಾರೆ. ಅವರ ತಲೆಯಲ್ಲಿ ಉಳಿಯುವುದು ಆ ಸುಳ್ಳೇ. ಡಾಕ್ಟರ ಫೋಟೋ ಪಕ್ಕದಲ್ಲಿ ಬೇರೆ!

ನಿಜವನ್ನು ಮೊದಲು ಇಡಿ. "ಕಿಡ್ನಿ ಉಳಿಯಬೇಕಾದರೆ ಶುಗರ್ ಹತೋಟಿಯಲ್ಲಿ ಇರಬೇಕು." ಆಮೇಲೆ ಜನ ಹೀಗೆ ಹೇಳುತ್ತಾರೆ ಅನ್ನಿ. ಯಾಕೆ ಹಾಗನಿಸುತ್ತದೆ ಅಂತ ಬಿಡಿಸಿ: ಹತ್ತು ಹದಿನೈದು ವರ್ಷದಿಂದ ಮಾತ್ರೆ ತಿನ್ನುತ್ತಿದ್ದ ಮಾವನಿಗೆ ಕಿಡ್ನಿ ಹೋಯಿತು, ಕಣ್ಣಿಗೆ ಕಂಡದ್ದು ಮಾತ್ರೆ, ಕಾಣದೇ ಇದ್ದದ್ದು ಅಷ್ಟು ವರ್ಷ ಏರಿಯೇ ಇದ್ದ ಶುಗರ್. ಇನ್ನೊಂದೂ ಇದೆ. ಕಿಡ್ನಿ ಕೆಲಸ ಕಮ್ಮಿಯಾದಾಗ ಮೆಟ್‌ಫಾರ್ಮಿನ್ ಥರದ ಮಾತ್ರೆಯನ್ನು ಡಾಕ್ಟರೇ ಕಡಿಮೆ ಮಾಡುತ್ತಾರೆ, ಇಲ್ಲಾ ನಿಲ್ಲಿಸುತ್ತಾರೆ. ಜನ ಅದನ್ನು ನೋಡಿ "ನೋಡಿ, ಡಾಕ್ಟರೇ ನಿಲ್ಲಿಸಿದ್ರು" ಅಂತ ಉಲ್ಟಾ ಓದಿಕೊಳ್ಳುತ್ತಾರೆ. ಸುಳ್ಳಿನ ಬೇರು ಎಲ್ಲಿದೆ ಎಂದು ತೋರಿಸಿದರೆ ಜನ ಒಪ್ಪುತ್ತಾರೆ. ಮೂರ್ಖರು ಅಂದರೆ ಒಪ್ಪುವುದಿಲ್ಲ. ಕೊನೆಗೆ ಮೊದಲಿನ ಮಾತನ್ನೇ ಮತ್ತೆ ಹೇಳಿ ಮುಗಿಸಿ.

ಒಂದು ಕಂಪನಿಯನ್ನೋ ಒಂದು ಉತ್ಪನ್ನವನ್ನೋ ಹೆಸರು ಹಿಡಿದು ಹೇಳುವ ಮುಂಚೆ ಎರಡು ಸಲ ಯೋಚಿಸಿ. ಕೇರಳದ ಲಿವರ್ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಅವರ ಎಕ್ಸ್ ಖಾತೆ 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೋರ್ಟೊಂದರ ಆದೇಶದಿಂದ ಬಂದ್ ಆಯಿತು. ಔಷಧಿ ಕಂಪನಿಯೊಂದು ಹೂಡಿದ್ದ ಮೊಕದ್ದಮೆ ಅದು. ಮುಂದಿನ ತಿಂಗಳು ಕರ್ನಾಟಕ ಹೈಕೋರ್ಟ್‌ನಿಂದ ಖಾತೆ ಮತ್ತೆ ತೆರೆಯಿತು, ಆ ಕಂಪನಿ ಕುರಿತ ಪೋಸ್ಟುಗಳನ್ನು ಮರೆಮಾಡುವ ಷರತ್ತಿನ ಮೇಲೆ. ಹೇಳಲೇಬಾರದು ಅಂತಲ್ಲ. ಹೇಳುವವರು ಕಾಗದಪತ್ರ, ವಕೀಲರು, ಎರಡನ್ನೂ ಇಟ್ಟುಕೊಂಡು ಹೇಳಬೇಕು. ತಾಲ್ಲೂಕಿನ ಡಾಕ್ಟರಿಗೆ ಅದರ ಶಕ್ತಿ ಕಮ್ಮಿ.

ರಾತ್ರಿ ಹನ್ನೊಂದರ ಫೋಟೋ

ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡುವುದು ಇದು. ನಾಲ್ಕು ವಿಡಿಯೋ ಹಾಕಿದಿರೋ ಮೆಸೇಜ್ ಶುರು. "ಸರ್, ಮಗುಗೆ ಮೈಮೇಲೆ ಹಿಂಗ್ ಎದ್ದಿದೆ", ಕತ್ತಲಲ್ಲಿ ತೆಗೆದ ಮಸುಕು ಫೋಟೋ. ಕಾಮೆಂಟಿನಲ್ಲಿ ಎಲ್ಲರೆದುರೇ "ನನಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ, ಯಾವ ಮಾತ್ರೆ?"

ಇಲ್ಲಿ ನಮ್ಮ ಗೆರೆ ನೆನಪಿಸಿಕೊಳ್ಳಿ. ಆ ಪ್ರಶ್ನೆ ಬಂದ ಕೂಡಲೇ ಊರಿನ ಮಾತು ಮುಗಿದು ಒಬ್ಬರ ಮಾತು ಶುರುವಾಯಿತು. ಒಬ್ಬರ ಮಾತಿಗೆ 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇದೆ. ವಾಟ್ಸಾಪ್‌ನಲ್ಲಿ ರೋಗಿಯನ್ನು ನೋಡುವುದಕ್ಕೆ ಅದು ಬೇಡ ಅನ್ನುವುದಿಲ್ಲ, ಆದರೆ ನೋಡಿದರೆ ಪೂರ್ತಿ ನೋಡಿ ಅನ್ನುತ್ತದೆ. ರೋಗಿ ಯಾರು, ವಯಸ್ಸೆಷ್ಟು ಎಂದು ತಿಳಿದುಕೊಳ್ಳಬೇಕು. ನೀವು ಯಾರೆಂದು ಅವರಿಗೆ ಗೊತ್ತಿರಬೇಕು. ದಾಖಲೆ ಇಡಬೇಕು. ಚೀಟಿಯಲ್ಲಿ ನಿಮ್ಮ ನೋಂದಣಿ ಸಂಖ್ಯೆ ಇರಬೇಕು. ಕೆಲವು ಔಷಧಿಗಳನ್ನು ಮೊದಲ ಸಲ ವಿಡಿಯೋದಲ್ಲಿ ನೋಡದೆ ಬರೆಯುವಂತಿಲ್ಲ, ಚಟ ಹಿಡಿಸುವಂಥ ಕೆಲವನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. ಶುಲ್ಕವನ್ನೂ ತೆಗೆದುಕೊಳ್ಳಬಹುದು, ಅದರಲ್ಲಿ ಮುಜುಗರ ಏನಿದೆ?

ಹಾಗಾಗಿ ಎರಡೇ ದಾರಿ. ಪೂರ್ತಿ ಕನ್ಸಲ್ಟೇಷನ್ ಮಾಡಿ, ಇಲ್ಲಾ ಏನೂ ಹೇಳದೆ ಕ್ಲಿನಿಕ್‌ಗೆ ಕಳಿಸಿ. ನಡುವಿನ ದಾರಿ, ಅಂದರೆ ಊಟದ ನಡುವೆ ಒಂದು ಕೈಯಲ್ಲಿ "ಸೆಟ್ರಿಜಿನ್ ಕೊಡಿ" ಅಂತ ಟೈಪ್ ಮಾಡುವುದಿದೆಯಲ್ಲ, ಅದೇ ಅಪಾಯದ್ದು. ಮಗುವಿನ ತೂಕ ಕೇಳಿಲ್ಲ, ಉಸಿರಾಟ ಹೇಗಿದೆ ಕೇಳಿಲ್ಲ. ಏನಾದರೂ ಆದರೆ ಕೈಗೆ ಸಿಗುವ ಏಕೈಕ ದಾಖಲೆ ನಿಮ್ಮ ಆ ಎರಡು ಪದ.

ನನ್ನ ಫೋನಿನಲ್ಲಿ ಉಳಿಸಿಟ್ಟ ಉತ್ತರ ಒಂದಿದೆ: "ನಿಮ್ಮ ತೊಂದರೆ ಇಲ್ಲಿ ಬರೆದು ಬಗೆಹರಿಯುವಂಥದ್ದಲ್ಲ. ಹತ್ತಿರದ ಡಾಕ್ಟರಿಗೆ ತೋರಿಸಿ, ಇಲ್ಲಾ ಬೆಳಗ್ಗೆ 10ರ ಮೇಲೆ ಕ್ಲಿನಿಕ್ ನಂಬರಿಗೆ ಫೋನ್ ಮಾಡಿ. ಉಸಿರಾಟ ಕಷ್ಟ, ಪ್ರಜ್ಞೆ ತಪ್ಪುವುದು, ಜಾಸ್ತಿ ರಕ್ತ ಹೋಗುವುದು ಇದ್ದರೆ ಕಾಯಬೇಡಿ, ಈಗಲೇ 108." ಕ್ಲಿನಿಕ್‌ಗೆ ಬೇರೆ ನಂಬರು, ಮನೆಗೆ ಬೇರೆ. ಇದೊಂದು ಮೊದಲೇ ಮಾಡಿದ್ದರೆ ನನ್ನ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಗೂಗಲ್‌ನಲ್ಲಿ ಬರುವ ಒಂದು ಸ್ಟಾರಿನ ರಿವ್ಯೂ ಕೂಡ ಇದೇ ಜಾತಿ. "ಎರಡು ಗಂಟೆ ಕಾಯಿಸಿದ್ರು, ಗುಣ ಆಗ್ಲಿಲ್ಲ" ಎಂದು ಒಬ್ಬರು ಬರೆದಿರುತ್ತಾರೆ. ಕೈ ಕಡಿಯುತ್ತದೆ, "ನೀವು ಮಾತ್ರೆ ಸರಿಯಾಗಿ ತಗೊಂಡಿಲ್ಲ, ಶುಗರ್ 380 ಇತ್ತು" ಎಂದು ಬರೆಯಲು. ಬರೆದಿರೋ, ನಿಮ್ಮ ರೋಗಿಯ ಗುಟ್ಟನ್ನು ನೀವೇ ಊರಿಗೆ ಹಂಚಿದಿರಿ. ಅವರು ನಿಮ್ಮ ರೋಗಿ ಎಂದು ಒಪ್ಪಿಕೊಳ್ಳುವುದು ಕೂಡ ಬೇಡ. "ಕಾಯುವುದು ಕಷ್ಟ ಅಂತ ಗೊತ್ತು. ನೇರವಾಗಿ ಕ್ಲಿನಿಕ್‌ಗೆ ಫೋನ್ ಮಾಡಿದರೆ ಮಾತಾಡೋಣ." ಸಾಕು.

ದುಡ್ಡು ಬಂದಾಗ

ಫಾಲೋವರ್ಸ್ ಹೆಚ್ಚಾದಂತೆ ಪ್ರೋಟೀನ್ ಪೌಡರಿನವರು, ಗ್ಲುಕೋಮೀಟರಿನವರು, ಎಣ್ಣೆಯವರು ಬರುತ್ತಾರೆ. "ಬರೀ ಕೈಯಲ್ಲಿ ಹಿಡ್ಕೊಂಡು ನಿಂತ್ರೆ ಸಾಕು ಸರ್." ನನ್ನ ಉತ್ತರ ಬೇಡ ಎಂದು, ಬೇರೆಯವರ ವಿಷಯ ನನಗೆ ಗೊತ್ತಿಲ್ಲ. 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾಡಿದ ಮಾರ್ಗಸೂಚಿಯ ಪ್ರಕಾರ ದುಡ್ಡು ಪಡೆದು ಹೇಳುತ್ತಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ಆರೋಗ್ಯದ ಬಗ್ಗೆ ಮಾತಾಡುವವರು ತಮ್ಮ ಅರ್ಹತೆಯನ್ನೂ ತಿಳಿಸಬೇಕು. ನಿಯಮಕ್ಕಿಂತ ಸರಳ ಲೆಕ್ಕ ಒಂದಿದೆ: ಒಂದು ಸಲ ಎಣ್ಣೆ ಡಬ್ಬ ಹಿಡಿದ ಕೈ ಮುಂದಿನ ಸಲ ಲಸಿಕೆ ಹಾಕಿಸಿ ಅಂದಾಗ, ಇದಕ್ಕೆಷ್ಟು ತಗೊಂಡ್ರೋ ಎಂದು ಒಬ್ಬರಾದರೂ ಕೇಳುತ್ತಾರೆ.

ಈಚೆಗೆ ಇನ್ನೊಂದು ಕಾಟ. ಹೆಸರಾದ ಡಾಕ್ಟರುಗಳ ಮುಖ, ದನಿ ಕದ್ದು ಎಐನಲ್ಲಿ ವಿಡಿಯೋ ಮಾಡಿ ಕೀಲುನೋವಿನ ಔಷಧಿ ಮಾರುತ್ತಾರೆ. ನಿಮ್ಮ ಹೆಸರಿನಲ್ಲಿ ಬಂದರೆ ಮೊದಲು ನಿಮ್ಮ ಸ್ವಂತ ಖಾತೆಯಲ್ಲಿ "ಇದು ನಾನಲ್ಲ" ಎಂದು ಹಾಕಿ, ಆಮೇಲೆ ಆ ಜಾಲತಾಣಕ್ಕೂ ಸೈಬರ್ ಪೊಲೀಸರಿಗೂ ದೂರು ಕೊಡಿ. ನಿಮಗೆ ಒಂದು ಗಟ್ಟಿ ಖಾತೆ ಇರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಜನ ತಾಳೆ ನೋಡಲು ಅಸಲಿ ನೀವು ಎಲ್ಲಾದರೂ ಸಿಗಬೇಕಲ್ಲ.

ಹೊತ್ತು ಎಲ್ಲಿಂದ ತರಬೇಕು ಎಂದು ಕೇಳುತ್ತಾರೆ. ನಾನು ಭಾನುವಾರ ಬೆಳಗ್ಗೆ ಎರಡು ಗಂಟೆ ಇಡುತ್ತೇನೆ. ವಾರವಿಡೀ ಓಪಿಡಿಯಲ್ಲಿ ಮೂರು ನಾಲ್ಕು ಜನ ಕೇಳಿದ ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಸಿಕ್ಕಿಸಿಡುತ್ತೇನೆ. ಭಾನುವಾರ ಒಂದನ್ನು ಎತ್ತಿಕೊಳ್ಳುತ್ತೇನೆ. ಯಾವ ವಾರ ಚೀಟಿ ಇಲ್ಲವೋ ಆ ವಾರ ವಿಡಿಯೋ ಇಲ್ಲ.

ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಲೈಕು ಎಣಿಸುವುದನ್ನು ಬಿಟ್ಟಿದ್ದೇನೆ. ಈ ಮಳೆಗಾಲದ ಶುರುವಿನಲ್ಲಿ ಬಿಪಿ ತೋರಿಸಲು ಬಂದ ಒಬ್ಬ ಅಜ್ಜಿ ಹೇಳಿದರು, "ನಿಮ್ ಹಾವಿನ್ ವಿಡಿಯೋ ಮೊಮ್ಮಗ ತೋರ್ಸ್ದ ಕಣಪ್ಪಾ, ಭಾಳ ಚೆನ್ನಾಗ್ ಮಾತಾಡ್ತೀಯ." ಖುಷಿಯಾಗಿ, ಏನು ಹೇಳಿದ್ದೆ ಹೇಳಿ ನೋಡೋಣ ಅಂದೆ. ಅಜ್ಜಿ ಸ್ವಲ್ಪ ಯೋಚಿಸಿ, "ಹಗ್ಗ ಬಿಗಿಯಾಗ್ ಕಟ್ಬೇಕು ಅಂದ್ಯಲ್ಲ" ಅಂದರು.

ಆ ಭಾನುವಾರ ಅದನ್ನು ಮೂರನೇ ಸಲ ತೆಗೆದೆ. "ಬೇಡ" ಎಂಬ ಮಾತುಗಳನ್ನೆಲ್ಲ ಹಿಂದಕ್ಕೆ ಹಾಕಿ, "ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ" ಅನ್ನುವುದರಿಂದಲೇ ಶುರು ಮಾಡಿದೆ, ನಮ್ಮ ಕಾಂಪೌಂಡರ್ ಕೈಗೆ ಒಂದು ಅಡಿ ಸ್ಕೇಲು ಕಟ್ಟಿ ತೋರಿಸಿದೆ. ಅಜ್ಜಿ ಮುಂದಿನ ತಿಂಗಳು ಮತ್ತೆ ಬಿಪಿ ತೋರಿಸಲು ಬರುತ್ತಾರೆ. ಕೇಳುತ್ತೇನೆ.